ಕಲಬುರಗಿಯ ಹೊಸ ಬ್ಯಾಂಡಿಗೆ ವೇದಿಕೆ ಎಲ್ಲಿದೆ? ಸ್ವಂತ ಹಾಡುಗಳಿಗೆ ಕೇಳುಗರನ್ನು ಹುಡುಕುವ ಬಗ್ಗೆ ಸಲಹೆ ಬೇಕು

ಸೇಡಂ ರಸ್ತೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಸೇರಿ ಕಲಬುರಗಿಯಲ್ಲಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಮುಖ್ಯ ಗಾಯಕಿ ಒಬ್ಬರು, ಗಿಟಾರ್ ನುಡಿಸುತ್ತ ಹಾಡುವವನು ನಾನು, ಜೊತೆಗೆ ಕೀಬೋರ್ಡ್, ಬೇಸ್, ತಾಳಕ್ಕೆ ಡ್ರಮ್ ಸೆಟ್ ಬದಲು ಢೋಲಕ್ ಮತ್ತು ಕಹೋನ್ ಎಂಬ ಮರದ ಪೆಟ್ಟಿಗೆಯ ವಾದ್ಯ. ಹಾಡುಗಳೆಲ್ಲ ನಮ್ಮವೇ, ನಮ್ಮ ಭಾಗದ ಕನ್ನಡದಲ್ಲಿಯೇ ಬರೆದವು. ಒಂದೆರಡರಲ್ಲಿ ದಖನಿ, ಅಂದರೆ ನಮ್ಮ ಭಾಗದ ಉರ್ದುವಿನ, ಸಾಲುಗಳೂ ಬರುತ್ತವೆ. ತೊಗರಿ ರಾಶಿ ಮಾಡಿ ಎಪಿಎಂಸಿಯಲ್ಲಿ ದರಕ್ಕಾಗಿ ಕಾಯುವ ರೈತನ ಮೇಲೆ ಒಂದು ಹಾಡಿದೆ. ಪುಣೆಗೆ ದುಡಿಯಲು ಹೋದ ಅಣ್ಣನಿಗೆ ತಂಗಿ ಫೋನಿನಲ್ಲಿ ಊರ ಸುದ್ದಿ ಹೇಳುವ ಇನ್ನೊಂದಿದೆ. ಕಾಲೇಜಿನ ಗ್ಯಾದರಿಂಗ್‌ನಲ್ಲಿ ಇವನ್ನು ಹಾಡಿದಾಗ ಎರಡನೆಯ ಪಲ್ಲವಿಯ ಹೊತ್ತಿಗೆ ಮುಂದಿನ ಸಾಲಿನ ಹುಡುಗರು ತಾವೇ ದನಿಗೂಡಿಸಿದ್ದರು.

ಅದಾದ ಮೇಲೆ ಮುಂದಿನ ದಾರಿ ತಿಳಿಯುತ್ತಿಲ್ಲ. ಬೆಂಗಳೂರಿನಲ್ಲಿ ವಾರದ ಕೊನೆಗೆ ಬ್ಯಾಂಡ್ ಕರೆಸುವ ಕೆಫೆ, ಪಬ್‌ಗಳಿವೆ. ನಮ್ಮೂರಿನಲ್ಲಿ ಆ ವಾಡಿಕೆ ಬೆಳೆದಿಲ್ಲ. ನಮಗೆ ಕರೆ ಮಾಡುವವರು ಮದುವೆಗೋ ಹುಟ್ಟುಹಬ್ಬಕ್ಕೋ ಮೂರು ಗಂಟೆ ಸಿನಿಮಾ ಹಾಡು ಕೇಳುತ್ತಾರೆ. ಸಂಭಾವನೆಯ ಮಾತೆತ್ತಿದರೆ "ನಿಮಗೂ ಪ್ರಚಾರ ಸಿಗುತ್ತದಲ್ಲ" ಎನ್ನುತ್ತಾರೆ. ಯಾರನ್ನು ಭೇಟಿಯಾಗಬೇಕು, ಪುಕ್ಕಟೆ ನುಡಿಸುವುದು ಎಲ್ಲಿಯವರೆಗೆ ಸರಿ, ಸರ್ಕಾರಿ ಉತ್ಸವಗಳಿಗೆ ಹೊಸಬರನ್ನು ತೆಗೆದುಕೊಳ್ಳುತ್ತಾರೆಯೇ, ಯೂಟ್ಯೂಬಿನಲ್ಲಿ ಮೊದಲು ಏನು ಹಾಕಬೇಕು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ. ಊರು ಬಿಟ್ಟು ಬೆಂಗಳೂರಿಗೆ ಹೋಗುವ ಮನಸ್ಸು ನಮಗಿಲ್ಲ.

ರಸಮಂಜರಿ ಕೀಬೋರ್ಡ್ (ಕಲಬುರಗಿ)

ತಮ್ಮಾ, ಈ ಭಾಗದ ಆರ್ಕೆಸ್ಟ್ರಾಗಳಲ್ಲಿ ಬಹಳ ವರ್ಷ ಕೀಬೋರ್ಡ್ ನುಡಿಸಿದವನು ನಾನು. ನಿಮ್ಮ ಪ್ರಶ್ನೆಗೆ ಉತ್ತರ ಪಂಚಾಂಗದಲ್ಲಿದೆ. ನಮ್ಮಲ್ಲಿ ವೇದಿಕೆ ವಾರದ ಲೆಕ್ಕದಲ್ಲಿ ಬರುವುದಿಲ್ಲ. ಹಬ್ಬ, ಜಾತ್ರೆ, ಉರುಸು, ಲಗ್ನಸರಾಯಿ ಎಂಬ ಮದುವೆಯ ಹಂಗಾಮಿನ ಜೊತೆಗೆ ಬರುತ್ತದೆ. ಆಷಾಢದಲ್ಲಿ ಮದುವೆಗಳಿರುವುದಿಲ್ಲವಾದ್ದರಿಂದ ಆ ತಿಂಗಳನ್ನು ತಾಲೀಮಿಗೆ ಇಟ್ಟುಕೊಳ್ಳಿ. ಶ್ರಾವಣದಲ್ಲಿ ಮಠಗಳಲ್ಲಿ ಸಂಜೆ ಪುರಾಣ ನಡೆಯುತ್ತದೆ. ಭಾದ್ರಪದದಲ್ಲಿ ಗಣೇಶ ಮಂಡಳಿಗಳು, ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ದಿನ, ನವೆಂಬರ್ ಪೂರ್ತಿ ಒಂದಲ್ಲ ಒಂದು ಓಣಿಯಲ್ಲಿ ರಾಜ್ಯೋತ್ಸವ. ಎಳ್ಳ ಅಮಾವಾಸ್ಯೆಯಂದು ಮಾತ್ರ ಯಾವ ಕಾರ್ಯಕ್ರಮಕ್ಕೂ ಒಪ್ಪಿಕೊಳ್ಳಬೇಡಿ, ಊರಿಗೆ ಊರೇ ಹೊಲದಲ್ಲಿರುತ್ತದೆ. ಸಂಕ್ರಾಂತಿಗೆ ಯಾದಗಿರಿ ಕಡೆ ಮೈಲಾಪುರದ ಮೈಲಾರಲಿಂಗನ ಜಾತ್ರೆ, ಹೋಳಿಯಾದ ಮೇಲೆ ನಮ್ಮ ಶರಣಬಸವೇಶ್ವರರ ಜಾತ್ರೆ, ಅದರ ಆಚೀಚೆ ಕಾಲೇಜುಗಳ ಗ್ಯಾದರಿಂಗ್. ನಮ್ಮೂರಿನ ಸೂಫಿ ಸಂತ ಬಂದೇನವಾಜರ ಉರುಸು ಇಸ್ಲಾಮಿ ಚಾಂದ್ರಮಾನ ಲೆಕ್ಕದ್ದಾದ್ದರಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಹೋಗುತ್ತದೆ. ಆ ದಿನಗಳಲ್ಲಿ ಖವ್ವಾಲಿ ಕೇಳಲು ಹೋದರೆ ದಖನಿ ಸಾಲು ಬರೆಯುವ ನಿಮಗೆ ಬಹಳ ಪ್ರಯೋಜನವಾಗುತ್ತದೆ.

ಗಣೇಶ ಮಂಡಳಿಯವರನ್ನು ಹಬ್ಬದ ವಾರ ಭೇಟಿಯಾದರೆ ಫಲವಿಲ್ಲ. ಚಂದಾ ಪಟ್ಟಿ ಎತ್ತಲು ಶುರು ಮಾಡಿದ ದಿನಗಳಲ್ಲಿಯೇ ಯಾವ ದಿನ ಯಾವ ಕಾರ್ಯಕ್ರಮ ಎಂಬುದು ಅವರಲ್ಲಿ ತೀರ್ಮಾನವಾಗಿರುತ್ತದೆ. ಆದ್ದರಿಂದ ಕನಿಷ್ಠ ಒಂದು ತಿಂಗಳು ಮುಂಚೆ ಹೋಗಿ. ಅವರಿಗೂ ಮುಂಚೆ ಭೇಟಿಯಾಗಬೇಕಾದವರು ಶಾಮಿಯಾನ ಮತ್ತು ಸೌಂಡಿನವರು. ಯಾವ ಮಂಡಳಿಯಲ್ಲಿ ಎಷ್ಟು ದೊಡ್ಡ ವೇದಿಕೆ ಹಾಕುತ್ತಾರೆ, ಯಾರು ಹಣ ಸರಿಯಾಗಿ ಕೊಡುತ್ತಾರೆ, ಯಾವ ದಿನ ಇನ್ನೂ ಖಾಲಿ ಇದೆ ಎಂಬುದು ಅವರಿಗೆ ಗೊತ್ತಿರುವಷ್ಟು ಊರಿನಲ್ಲಿ ಇನ್ನಾರಿಗೂ ಗೊತ್ತಿರುವುದಿಲ್ಲ.

ಸಿನಿಮಾ ಹಾಡು ಕೇಳಿದರೆ ಬೇಸರಪಡಬೇಡಿ. ಮೊದಲ ವರ್ಷ ಹತ್ತು ಸಿನಿಮಾ ಹಾಡಿನ ನಡುವೆ ನಿಮ್ಮವು ಎರಡು ಇರಲಿ. ಜನ ಬಂದು ಕುಳಿತು, ಎರಡು ಪರಿಚಿತ ಹಾಡು ಕೇಳಿ ತಲೆದೂಗಿದ ಮೇಲೆ, ಕುಣಿಸುವ ಹಾಡು ಬರುವುದಕ್ಕೆ ಮುಂಚೆ ನಿಮ್ಮ ತೊಗರಿ ಹಾಡು ಹಾಡಿ. ಹಾಡಿನ ಮುನ್ನ ಯಾವ ಊರಿನ ಯಾವ ಸಂಗತಿಯಿಂದ ಅದು ಹುಟ್ಟಿತು ಎಂದು ಎರಡು ವಾಕ್ಯ ಹೇಳಿ. ಹಾಗೆ ಹೇಳಿದ ಹಾಡನ್ನು ಜನ ಮರೆಯುವುದಿಲ್ಲ.

ಶಾಮಿಯಾನ ಮತ್ತು ಸೌಂಡ್ (ಕಲಬುರಗಿ)

ಮೇಲಿನ ಅಣ್ಣನವರ ಮಾತು ಬಹಳ ಮಟ್ಟಿಗೆ ನಿಜ. ನಮ್ಮ ಕೆಲಸದ ಕಡೆಯಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ, ಏಕೆಂದರೆ ಹೊಸ ತಂಡಗಳು ಹಾಡು ಚೆನ್ನಾಗಿದ್ದೂ ಸೋಲುವುದು ಹೆಚ್ಚಾಗಿ ಇಲ್ಲಿಯೇ.

ನೀವು ಹೇಳಿದ ವಾದ್ಯಗಳನ್ನು ಲೆಕ್ಕ ಹಾಕಿದರೆ ಹಾಡುವವರಿಗೆ ಎರಡು ಮೈಕ್, ಗಿಟಾರಿಗೆ ಒಂದು, ಕೀಬೋರ್ಡಿಗೆ ಎರಡು, ಬೇಸಿಗೆ ಒಂದು, ಢೋಲಕ್‌ಗೆ ಎರಡು, ಕಹೋನಿಗೆ ಒಂದು, ಒಟ್ಟು ಒಂಬತ್ತು ಲೈನ್ ಆಗುತ್ತವೆ. ಇದರ ಮೇಲೆ ನಿರೂಪಕರ ಮೈಕ್. ಇದನ್ನು ಒಂದು ಹಾಳೆಯಲ್ಲಿ ಬರೆದು, ಯಾರು ಎಡಕ್ಕೆ ಯಾರು ಬಲಕ್ಕೆ ನಿಲ್ಲುತ್ತಾರೆ ಎಂಬ ಚಿತ್ರದೊಂದಿಗೆ ಮೂರು ದಿನ ಮುಂಚೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ನಾವು ಅದಕ್ಕೆ ತಕ್ಕ ಮಿಕ್ಸರ್ ತರುತ್ತೇವೆ. ಹೇಳದೆ ಬಂದರೆ ಭಾಷಣಕ್ಕೆಂದು ತಂದ ಸಣ್ಣ ಮಿಕ್ಸರಿನಲ್ಲಿಯೇ ನಿಮ್ಮನ್ನು ತುರುಕಬೇಕಾಗುತ್ತದೆ. ಗಿಟಾರ್ ಮತ್ತು ಬೇಸನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸ್ ನಿಮ್ಮದೇ ಇರಲಿ. ಹಾಡುವವರ ಮುಂದೆ ಅವರ ಕಡೆಗೇ ತಿರುಗಿಸಿದ ಸ್ಪೀಕರ್, ಅಂದರೆ ಮಾನಿಟರ್, ಬೇಕೆಂದು ಮೊದಲೇ ಕೇಳಿ. ಅದಿಲ್ಲದಿದ್ದರೆ ತಮ್ಮ ದನಿ ತಮಗೇ ಕೇಳಿಸದೆ ಶ್ರುತಿ ತಪ್ಪುತ್ತದೆ, ಜನ ಹಾಡುವವರನ್ನು ದೂರುತ್ತಾರೆ.

ಕರೆಂಟಿನ ವಿಷಯ. ಪೆಂಡಾಲಿನ ಸೀರಿಯಲ್ ಲೈಟಿಗೆ ಹೋದ ಲೈನಿನಿಂದ ಕೀಬೋರ್ಡಿಗೆ ಕರೆಂಟ್ ತೆಗೆದುಕೊಂಡರೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಕೊನೆಯವರೆಗೂ ಬಿಡುವುದಿಲ್ಲ. ವಾದ್ಯಗಳಿಗೆ ಪ್ರತ್ಯೇಕ ಲೈನ್ ಕೇಳಿ ಪಡೆಯಿರಿ. ಗಣೇಶನ ಹಬ್ಬ ಮಳೆಗಾಲದಲ್ಲಿ ಬರುವುದರಿಂದ ಢೋಲಕ್‌ನ ಚರ್ಮ ತೇವಕ್ಕೆ ಸಡಿಲಾಗಿ ಸ್ವರ ಇಳಿಯುತ್ತದೆ, ಏಪ್ರಿಲ್ ಬಿಸಿಲಿಗೆ ಅದೇ ಚರ್ಮ ಬಿಗಿದು ಏರುತ್ತದೆ. ನಿಮ್ಮ ಢೋಲಕ್ ತಮ್ಮನಿಗೆ ಇದು ಗೊತ್ತಿರುತ್ತದೆ, ಆದರೆ ಶ್ರುತಿ ಮಾಡಿಕೊಳ್ಳಲು ಹತ್ತು ನಿಮಿಷ ಬೇಕೆಂದು ಸಂಘಟಕರಿಗೆ ಗೊತ್ತಿರುವುದಿಲ್ಲ. ಅತಿಥಿಗಳು ಬರುವುದಕ್ಕೆ ಮುಂಚೆ, ಕುರ್ಚಿ ಹಾಕುವ ಹೊತ್ತಿನಲ್ಲಿಯೇ ಸೌಂಡ್ ಚೆಕ್ ಮುಗಿಸಿ.

ಇನ್ನು ಸಮಯ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು, ಉಳಿದ ದಿನ ಹತ್ತಕ್ಕೆ ಪೊಲೀಸರು ಬಂದು ನಿಲ್ಲಿಸುತ್ತಾರೆ. ಆರು ಗಂಟೆಗೆ ಎಂದು ಕರಪತ್ರದಲ್ಲಿ ಅಚ್ಚಾದ ಕಾರ್ಯಕ್ರಮಕ್ಕೆ ಅತಿಥಿಗಳು ಬರುವುದು ಎಂಟಕ್ಕೆ; ಸನ್ಮಾನ, ಭಾಷಣ ಮುಗಿದು ನಿಮ್ಮ ಕೈಗೆ ಮೈಕ್ ಬರುವ ಹೊತ್ತಿಗೆ ಒಂಬತ್ತು ದಾಟಿರುತ್ತದೆ. ಆದ್ದರಿಂದ ನಿಮ್ಮ ಹಾಡುಗಳನ್ನು "ಜನ ಕುದುರಿದ ಮೇಲೆ" ಎಂದು ಹಿಂದಕ್ಕೆ ಇಡಬೇಡಿ ಎಂಬುದು ನನ್ನ ಅಭಿಪ್ರಾಯ. ಮೊದಲ ಮೂರರಲ್ಲಿ ಒಂದು ನಿಮ್ಮದೇ ಆಗಿರಲಿ. ನಲವತ್ತು ನಿಮಿಷ ಸಿಕ್ಕರೆ ಏನು, ಇಪ್ಪತ್ತೇ ಸಿಕ್ಕರೆ ಏನು ಎಂಬ ಎರಡು ಪಟ್ಟಿ ಯಾವಾಗಲೂ ಕೈಯಲ್ಲಿರಲಿ.

ಭೀಮಾ ತೀರ (ಜೇವರ್ಗಿ)

ನಾನು ತತ್ವಪದ ಮತ್ತು ವಚನ ಹಾಡುವವಳು. ಶ್ರಾವಣದ ಪುರಾಣಗಳ ಮಾತು ಮೇಲೆ ಬಂದಿತು. ಅದನ್ನು ಅಷ್ಟಕ್ಕೇ ಬಿಡಬಾರದು ಎಂದು ಬರೆಯುತ್ತಿದ್ದೇನೆ. ತಿಂಗಳುಗಟ್ಟಲೆ ಪ್ರತಿ ಸಂಜೆ ಕೇಳುಗರು ತಾವಾಗಿಯೇ ಬಂದು ಕುಳಿತುಕೊಳ್ಳುವ ಜಾಗ ನಮ್ಮ ಭಾಗದಲ್ಲಿ ಮಠದ ಅಂಗಳ. ಪ್ರವಚನದ ನಡುನಡುವೆ ಹಾಡುವ ಗವಾಯಿಗಳು, ತಬಲಾದವರು ಇರುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು ಅವರಲ್ಲಿ ಅನೇಕರು. ಅವರ ಜೊತೆ ಒಂದು ಸಂಜೆ ಒಂದೇ ಒಂದು ಪದ ಹಾಡಲು ಅನುಮತಿ ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಅಲ್ಲಿ ಸಿಗುವುದು ಸಂಭಾವನೆಯಲ್ಲ, ಪ್ರಸಾದ ಮತ್ತು ಶಾಲು. ಆದರೆ ಹತ್ತು ಹಳ್ಳಿಯ ಜನ ನಿಮ್ಮ ಗಾಯಕಿಯ ದನಿಯನ್ನು ಗುರುತು ಹಿಡಿಯುತ್ತಾರೆ. ಮುಂದೆ ಆ ಹಳ್ಳಿಗಳ ಜಾತ್ರೆಗೆ ಕರೆಸುವವರು ಅವರೇ.

ಅಲ್ಲಿ ಹೋಗುವುದಾದರೆ ಒಂದು ಸಿದ್ಧತೆ ಬೇಕು. ಹಾರ್ಮೋನಿಯಂ ತನ್ನ ಶ್ರುತಿಯನ್ನು ಬದಲಿಸುವುದಿಲ್ಲ, ಗಿಟಾರೇ ಅದಕ್ಕೆ ಹೊಂದಿಕೊಳ್ಳಬೇಕು. ಗವಾಯಿಗಳು ಕಪ್ಪು ಎರಡರಲ್ಲಿ, ಅಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುವವರಾದರೆ ಗಿಟಾರಿನವರು ಮೊದಲ ಫ್ರೆಟ್ಟಿಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಚ್ಚಿ ಡಿ ಕಾರ್ಡಿನ ಬೆರಳಿಟ್ಟರೆ ಸರಿಹೋಗುತ್ತದೆ. ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಳು ಟ್ಯೂನರ್ ಆ್ಯಪ್ ತೋರಿಸುವ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲೆ ಕೆಳಗೆ ಇರುವುದೂ ಉಂಟು. ಆಗ ಆ್ಯಪನ್ನು ಬದಿಗಿಟ್ಟು ಕಿವಿಯಿಂದಲೇ ತಂತಿ ಕೂಡಿಸಿಕೊಳ್ಳಬೇಕು. ಇದನ್ನು ಮನೆಯಲ್ಲಿ ಮಾಡಿಕೊಂಡು ಹೋದ ಹುಡುಗರನ್ನು ಕಂಡರೆ ಹಿರಿಯ ಗವಾಯಿಗಳಿಗೆ ಕೂಡಲೇ ಗೌರವ ಮೂಡುತ್ತದೆ.

ತಂಡದಲ್ಲಿ ತಂಗಿಯೊಬ್ಬಳು ಇರುವುದರಿಂದ ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಕಾರ್ಯಕ್ರಮ ಒಪ್ಪಿಕೊಳ್ಳುವಾಗಲೇ ಬಾಗಿಲಿಗೆ ಚಿಲಕವಿರುವ ಒಂದು ಕೋಣೆ, ಶೌಚಾಲಯ ಮತ್ತು ರಾತ್ರಿ ಮರಳಿ ಬರಲು ವಾಹನ ಈ ಮೂರನ್ನೂ ಕೇಳಿ. ಕೇಳಿದರೆ ತಪ್ಪು ತಿಳಿಯುತ್ತಾರೆ ಎಂಬ ಸಂಕೋಚ ಬೇಡ. ವೇದಿಕೆಯ ಹಿಂದೆ ಸೀರೆಯನ್ನು ಪರದೆ ಕಟ್ಟಿ ಅಲ್ಲಿಯೇ ಸಿದ್ಧವಾಗಿ ಎಂದು ಹೇಳಿದ ಸಂಘಟಕರನ್ನು ನಾನು ನೋಡಿದ್ದೇನೆ. ಅಂಥ ಕಡೆ ನಾನು ಎರಡನೆಯ ಸಲ ಹೋಗಿಲ್ಲ, ನಿಮ್ಮ ತಂಗಿಯನ್ನೂ ಕಳುಹಿಸಬೇಡಿ.

ಸೇಡಂ ರಸ್ತೆ (ಕಲಬುರಗಿ)

ಅಕ್ಕಾ, ನಿಮ್ಮ ಮಾತನ್ನು ನಮ್ಮ ಗಾಯಕಿಗೆ ಓದಿ ಹೇಳಿದೆ. ಈ ಮೂರೂ ಷರತ್ತುಗಳನ್ನು ಇಂದಿನಿಂದಲೇ ನಮ್ಮ ಒಪ್ಪಂದದಲ್ಲಿ ಬರೆಯುತ್ತೇವೆ. ಒಂದು ಸಂದೇಹವಿದೆ. ಕಡಕೋಳ ಮಡಿವಾಳಪ್ಪನವರ ತತ್ವಪದವನ್ನೋ ಒಂದು ವಚನವನ್ನೋ ನಮ್ಮ ವಾದ್ಯಗಳೊಂದಿಗೆ ಹಾಡಿ ಯೂಟ್ಯೂಬಿಗೆ ಹಾಕಿದರೆ ಕಾಪಿರೈಟಿನ ತೊಂದರೆ ಬರುತ್ತದೆಯೇ? ಸಿನಿಮಾ ಹಾಡಿನ ವಿಷಯದಲ್ಲಿ ನಿಯಮ ಏನು?

ಕೋರ್ಟ್ ರಸ್ತೆ (ಕಲಬುರಗಿ)

ವಕೀಲಿ ವೃತ್ತಿಯಲ್ಲಿದ್ದೇನೆ, ತಿಳಿದಷ್ಟನ್ನು ಹೇಳುತ್ತೇನೆ. ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತ ಕೃತಿಯ ಹಕ್ಕು ಕರ್ತೃವಿನ ಮರಣದ ನಂತರ 60 ವರ್ಷ ಉಳಿಯುತ್ತದೆ. 12ನೆಯ ಶತಮಾನದ ವಚನಕ್ಕಾಗಲಿ, ಸುಮಾರು ಎರಡು ಶತಮಾನದ ಹಿಂದಿನ ತತ್ವಪದಕ್ಕಾಗಲಿ ಈಗ ಯಾರ ಹಕ್ಕೂ ಇಲ್ಲ. ಆದರೆ ಅದೇ ವಚನಕ್ಕೆ ಇತ್ತೀಚಿನ ಸಂಗೀತ ನಿರ್ದೇಶಕರೊಬ್ಬರು ಹಾಕಿದ ರಾಗಸಂಯೋಜನೆಗೆ ಹಕ್ಕಿದೆ, ಅದರ ಧ್ವನಿಮುದ್ರಣಕ್ಕೆ ಬೇರೆ ಹಕ್ಕಿದೆ. ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತ ಧಾಟಿಯನ್ನು ಬಿಟ್ಟು, ಊರಿನ ಭಜನಾ ಮಂಡಳಿಯಲ್ಲಿ ಪರಂಪರೆಯಿಂದ ಬಂದ ಧಾಟಿಯಲ್ಲಿ ಅಥವಾ ನೀವೇ ಕಟ್ಟಿದ ಧಾಟಿಯಲ್ಲಿ ಹಾಡಿದರೆ ಚಿಂತೆಯಿಲ್ಲ.

ಸಿನಿಮಾ ಹಾಡನ್ನು ವೇದಿಕೆಯಲ್ಲಿ ಹಾಡುವುದಕ್ಕೆ ಸಾಮಾನ್ಯವಾಗಿ ಪರವಾನಗಿ ಬೇಕು. ಗೀತರಚನಕಾರರು ಮತ್ತು ಸಂಗೀತ ಸಂಯೋಜಕರ ಪರವಾಗಿ ಅದನ್ನು ಕೊಡುವುದು 1969ರಲ್ಲಿ ಆರಂಭವಾದ ಐಪಿಆರ್‌ಎಸ್ ಸಂಸ್ಥೆ, ಪಡೆಯಬೇಕಾದವರು ಸಂಘಟಕರು. ಕಾಯ್ದೆಯ 52ನೆಯ ಕಲಮು ಕೆಲವು ವಿನಾಯಿತಿ ಕೊಟ್ಟಿದೆ. ನಿಜವಾದ ಧಾರ್ಮಿಕ ವಿಧಿ, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭ, ಮದುವೆ ಮತ್ತು ಅದರ ಮೆರವಣಿಗೆ ಈ ವಿನಾಯಿತಿಯಲ್ಲಿ ಬರುತ್ತವೆ. ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ ಅಲ್ಲಿನ ವಿದ್ಯಾರ್ಥಿಗಳೇ ಹಾಡಿ, ಕೇಳುಗರು ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಮಾತ್ರ ಆಗಿದ್ದರೆ ಅದಕ್ಕೂ ವಿನಾಯಿತಿ ಇದೆ. ಹೊರಗಿನ ತಂಡವಾಗಿ ಟಿಕೆಟ್ ಇಟ್ಟು ಹಾಡುವುದಕ್ಕೆ ಇದು ಅನ್ವಯಿಸುವುದಿಲ್ಲ.

ಯೂಟ್ಯೂಬಿನಲ್ಲಿ ಸಿನಿಮಾ ಹಾಡು ಹಾಕಿದರೆ ಅಲ್ಲಿನ ಕಂಟೆಂಟ್ ಐಡಿ ವ್ಯವಸ್ಥೆ ಅದನ್ನು ಗುರುತಿಸಬಹುದು. ಹಾಗಾದಾಗ ಬಹುತೇಕ ಸಲ ವಿಡಿಯೊ ಉಳಿಯುತ್ತದೆ, ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ, ಕೆಲವೊಮ್ಮೆ ವಿಡಿಯೊವನ್ನೇ ತಡೆಯುತ್ತಾರೆ. ನಿಮ್ಮ ಸ್ವಂತ ಹಾಡುಗಳ ಬಗ್ಗೆ ನೀವು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಹಾಡು ಬರೆದು ದಾಖಲಾದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೂ ಸಾಹಿತ್ಯ ಯಾರದು, ಧಾಟಿ ಯಾರದು, ಬಂದ ಹಣದಲ್ಲಿ ಯಾರಿಗೆ ಎಷ್ಟು ಎಂಬುದನ್ನು ಐದೂ ಜನ ಸಹಿ ಮಾಡಿದ ಒಂದು ಹಾಳೆಯಲ್ಲಿ ಸ್ನೇಹ ಚೆನ್ನಾಗಿರುವಾಗಲೇ ಬರೆದಿಡಿ. ಯಾರಾದರೂ ಆಡಿಯೊ ಕಂಪನಿಯವರು ಬಂದು ಒಂದು ವಿಡಿಯೊ ಮಾಡಿಕೊಡುತ್ತೇವೆ, ಎಲ್ಲ ಹಕ್ಕು ನಮಗೆ ಬರೆದುಕೊಡಿ ಎಂದರೆ ಓದದೆ ಸಹಿ ಮಾಡಬೇಡಿ.

ಕೋಟೆ ಬಾಗಿಲು (ಬೀದರ್)

ಸರ್ಕಾರಿ ವೇದಿಕೆಗಳ ಬಗ್ಗೆ ಯಾರೂ ವಿವರವಾಗಿ ಬರೆಯಲಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿ ಪ್ರತಿ ಜಿಲ್ಲೆಯಲ್ಲಿದೆ. ಚಿಗುರು, ಯುವ ಸೌರಭ, ಸಾಂಸ್ಕೃತಿಕ ಸೌರಭ, ಜನಪರ ಉತ್ಸವ ಎಂಬ ಕಾರ್ಯಕ್ರಮಗಳನ್ನು ಇಲಾಖೆ ಜಿಲ್ಲೆಗಳಲ್ಲಿ ನಡೆಸುತ್ತ ಬಂದಿದೆ. ಇವುಗಳಲ್ಲಿ ಯುವ ಸೌರಭ ನಿಮ್ಮ ವಯಸ್ಸಿನ ಕಲಾವಿದರಿಗಾಗಿಯೇ ಇರುವುದು. ಸಹಾಯಕ ನಿರ್ದೇಶಕರ ಕಚೇರಿಗೆ ತಂಡದ ಪರಿಚಯ, ಒಂದೆರಡು ಫೋಟೊ, ಹಿಂದಿನ ಕಾರ್ಯಕ್ರಮದ ಪತ್ರಿಕಾ ವರದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇಟ್ಟು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. "ಬ್ಯಾಂಡ್" ಎಂದಷ್ಟೇ ಬರೆದರೆ ಯಾವ ಪ್ರಕಾರದಲ್ಲಿ ಸೇರಿಸಬೇಕೆಂದು ಗುಮಾಸ್ತರಿಗೆ ತಿಳಿಯುವುದಿಲ್ಲ. ಸುಗಮ ಸಂಗೀತ, ಜಾನಪದ, ತತ್ವಪದ ಇವುಗಳಲ್ಲಿ ನೀವು ನಿಜವಾಗಿ ಹಾಡುವುದನ್ನು ನಮೂದಿಸಿ. ಸಂಭಾವನೆ ಬ್ಯಾಂಕ್ ಖಾತೆಗೆ ಬರುತ್ತದೆ, ತಡವಾಗಿ ಬರುತ್ತದೆ. ಆ ಹಣವನ್ನು ನಂಬಿ ವಾಹನದ ಬಾಡಿಗೆ ಸಾಲ ಮಾಡಬೇಡಿ.

ಬೀದರ್ ಉತ್ಸವ 2023ರ ಜನವರಿಯಲ್ಲಿ ನಮ್ಮ ಕೋಟೆಯಲ್ಲಿ ನಡೆದಾಗ ಹೊರಗಿನ ದೊಡ್ಡ ಕಲಾವಿದರ ಜೊತೆಗೆ ಸ್ಥಳೀಯರೂ ಹಾಡಿದರು. ಇಂಥ ಉತ್ಸವಗಳು ಪ್ರತಿ ವರ್ಷ ತಪ್ಪದೆ ಬರುವುದಿಲ್ಲವಾದ್ದರಿಂದ ಅವನ್ನೇ ನೆಚ್ಚಿಕೊಳ್ಳುವಂತಿಲ್ಲ. ಇದಕ್ಕಿಂತ ಸ್ಥಿರವಾದದ್ದು ನಿಮ್ಮೂರಿನ ಆಕಾಶವಾಣಿ. 1966ರಿಂದ ಕೆಲಸ ಮಾಡುತ್ತಿರುವ ಕಲಬುರಗಿ ಕೇಂದ್ರ ಧ್ವನಿ ಪರೀಕ್ಷೆಗೆ ಅರ್ಜಿ ಕರೆದಾಗ ನಿಮ್ಮ ಗಾಯಕಿ ಸುಗಮ ಸಂಗೀತಕ್ಕೋ ಜಾನಪದಕ್ಕೋ ಹೆಸರು ಕೊಡಲಿ. ಗ್ರೇಡ್ ಸಿಕ್ಕ ಕಲಾವಿದೆ ಎಂಬ ಒಂದು ಸಾಲು ಸರ್ಕಾರಿ ಅರ್ಜಿಯಲ್ಲಿ ಬಹಳ ತೂಕ ಪಡೆಯುತ್ತದೆ.

ಬೆಂಗಳೂರು ಬೇಡ ಎಂದಿದ್ದೀರಿ. ಬೆಂಗಳೂರು ನಿಮಗೆ ಸುಮಾರು 600 ಕಿಲೋಮೀಟರ್, ಹೈದರಾಬಾದ್ ಸುಮಾರು 220, ಸೊಲ್ಲಾಪುರ 110. ಬೀದರಿನಿಂದ ಹೈದರಾಬಾದ್ ಇನ್ನೂ ಹತ್ತಿರ, 140ರ ಆಸುಪಾಸು. ಹೈದರಾಬಾದ್, ಸೊಲ್ಲಾಪುರ ಎರಡೂ ಊರಿನಲ್ಲಿ ಕನ್ನಡಿಗರಿದ್ದಾರೆ, ರಾಜ್ಯೋತ್ಸವ ಮಾಡುವ ಕನ್ನಡ ಸಂಘಗಳಿವೆ, ದಖನಿ ಸಾಲು ಅಲ್ಲಿ ಅನುವಾದವಿಲ್ಲದೆ ಅರ್ಥವಾಗುತ್ತದೆ. 2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಆದ ಮೇಲೆ ನೀವು ನಮ್ಮಲ್ಲಿಗೆ ಬರುವುದೂ ಸುಲಭವಾಗಿದೆ.

ಕೀಬೋರ್ಡ್ ಅಣ್ಣನವರ ಒಂದು ಮಾತನ್ನು ಮಾತ್ರ ಒಪ್ಪಲಾರೆ. ಸಿನಿಮಾ ಹಾಡಿನಿಂದ ಆರಂಭಿಸಿದ ತಂಡವನ್ನು ಜನ ಆರ್ಕೆಸ್ಟ್ರಾ ಎಂದೇ ಗುರುತಿಸುತ್ತಾರೆ, ಆಮೇಲೆ ಸ್ವಂತ ಹಾಡಿಗೆ ಅವರ ಕಿವಿ ತೆರೆಯುವುದಿಲ್ಲ. ಬೇರೆಯವರ ಹಾಡು ಬೇಕೇಬೇಕಾದರೆ ತತ್ವಪದ, ವಚನ, ಮೊಹರಂ ಪದ, ರಾಶಿ ಮಾಡುವಾಗಿನ ಹಂತಿ ಪದ ಹಾಡಿ. ಅವು ಜನರಿಗೂ ಗೊತ್ತು, ನಿಮ್ಮ ಹಾಡುಗಳಿಗೂ ಹತ್ತಿರ.

ರಸಮಂಜರಿ ಕೀಬೋರ್ಡ್ (ಕಲಬುರಗಿ)

ಬೀದರಿನವರ ಮಾತಿನಲ್ಲಿ ಸತ್ಯಾಂಶವಿದೆ, ಹಂತಿ ಪದದ ಸಲಹೆ ನನಗೆ ಬಹಳ ಹಿಡಿಸಿತು. ಆದರೂ ತಂಡವೆಂದರೆ ಐದು ಮನೆಗಳ ಸಂಸಾರ ಎಂಬುದನ್ನು ಮರೆಯಬಾರದು. ಮದುವೆ, ಆರತಕ್ಷತೆಯ ಹಣದಿಂದಲೇ ಒಳ್ಳೆಯ ಮೈಕ್, ಬೇಸ್ ಆ್ಯಂಪ್ ಬರುತ್ತವೆ. ಬೇಕಾದರೆ ಮದುವೆಗೆ ಒಂದು ಹೆಸರಿನಲ್ಲಿ, ಸ್ವಂತ ಹಾಡಿಗೆ ಬೇರೆ ಹೆಸರಿನಲ್ಲಿ ಹೋಗಿ. ಹಾಗೆ ಮಾಡಿದ ತಂಡಗಳು ಇವೆ.

ಸಂಭಾವನೆ ನಿರ್ಧರಿಸಲು ವಾಹನ, ಊಟ, ಸೌಂಡ್ ಸಂಘಟಕರದಲ್ಲದಿದ್ದರೆ ಅದರ ಬಾಡಿಗೆ, ಪ್ರತಿಯೊಬ್ಬರ ಒಂದು ದಿನದ ದುಡಿಮೆ ಇಷ್ಟನ್ನು ಕೂಡಿಸಿ. ಅದಕ್ಕಿಂತ ಕೆಳಗೆ ಇಳಿಯಬೇಡಿ. ಅರ್ಧ ಮುಂಗಡ ಬಂದ ಮೇಲೆ ದಿನಾಂಕ ಖಾತ್ರಿ ಎಂದು ಹೇಳಿ, ಉಳಿದದ್ದನ್ನು ವೇದಿಕೆ ಹತ್ತುವ ಮುಂಚೆ ಪಡೆಯಿರಿ. ಮಠ, ಸರ್ಕಾರಿ ಶಾಲೆ, ಊರಿನ ಕಷ್ಟದ ಕಾಲದ ಸಹಾಯಾರ್ಥ ಕಾರ್ಯಕ್ರಮ ಇಂಥಲ್ಲಿ ಪುಕ್ಕಟೆ ನುಡಿಸಿ, ಸಂತೋಷದಿಂದ ನುಡಿಸಿ. ಟಿಕೆಟ್ ಮಾರುವವರ, ಊಟಕ್ಕೆ ಲಕ್ಷ ಖರ್ಚು ಮಾಡುವವರ ವೇದಿಕೆಯಲ್ಲಿ ಪ್ರಚಾರದ ಮಾತಿಗೆ ಒಪ್ಪಬೇಡಿ.

ಕಡಗಂಚಿ ಹಾಸ್ಟೆಲ್ (ಆಳಂದ ತಾಲೂಕು)

ನಾನು ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಉತ್ಸವಗಳಿಗೆ ತಂಡ ಆರಿಸುವ ಗೆಳೆಯರ ಜೊತೆ ಓಡಾಡಿದ್ದೇನೆ. ಅಣ್ಣಂದಿರೇ, ನಮಗೆ ಬರುವ ಸಂದೇಶಗಳಲ್ಲಿ ಹೆಚ್ಚಿನವುಗಳಲ್ಲಿ ದೊಡ್ಡ ಫೋಲ್ಡರಿನ ಲಿಂಕ್ ಇರುತ್ತದೆ. ಅದನ್ನು ತೆರೆದು ಹನ್ನೆರಡು ಫೈಲ್ ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ಒಂದೂವರೆ ನಿಮಿಷದ ಒಂದೇ ವಿಡಿಯೊ ಕಳುಹಿಸಿ. ಅದರಲ್ಲಿ ಮೊದಲ ಐದು ಸೆಕೆಂಡಿನಲ್ಲಿಯೇ ಹಾಡುವ ದನಿ ಬರಬೇಕು. ನಾವು ನೋಡುವುದು ಈ ತಂಡ ನಿಜವಾಗಿ ವೇದಿಕೆಯಲ್ಲಿ ಹೇಗೆ ಹಾಡುತ್ತದೆ ಎಂಬುದನ್ನು. ಸ್ಟುಡಿಯೊದಲ್ಲಿ ತಿದ್ದಿದ ಹಾಡಿಗೆ ತುಟಿ ಆಡಿಸಿದ ವಿಡಿಯೊದಿಂದ ಅದು ಗೊತ್ತಾಗುವುದಿಲ್ಲ.

ಇದಕ್ಕೆ ದುಬಾರಿ ಸಲಕರಣೆ ಬೇಡ. ಸೌಂಡಿನವರ ಮಿಕ್ಸರಿನಿಂದ ಒಂದು ಔಟ್‌ಪುಟ್ ಅನ್ನು ಸಣ್ಣ ರೆಕಾರ್ಡರಿಗೆ ತೆಗೆದುಕೊಳ್ಳಿ, ಚಿತ್ರವನ್ನು ಮೊಬೈಲಿನಲ್ಲಿ ಅಡ್ಡ ಹಿಡಿದು ಸ್ಟ್ಯಾಂಡಿನ ಮೇಲೆ ತೆಗೆಯಿರಿ, ಆಮೇಲೆ ಎರಡನ್ನೂ ಕೂಡಿಸಿ. ಮಿಕ್ಸರಿನ ದನಿಯಲ್ಲಿ ಜನರ ಚಪ್ಪಾಳೆ ಕೇಳಿಸುವುದಿಲ್ಲವಾದ್ದರಿಂದ ಮೊಬೈಲಿನ ದನಿಯನ್ನೂ ಸ್ವಲ್ಪ ಬೆರೆಸಿದರೆ ಜೀವ ಬರುತ್ತದೆ.

ಯೂಟ್ಯೂಬಿನ ಜಾಹೀರಾತಿನ ಹಣದ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಅದಕ್ಕೆ 1,000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬೇಕು. ಸ್ಪಾಟಿಫೈನಲ್ಲಿಯೂ 2024ರಿಂದ ಒಂದು ಹಾಡು ವರ್ಷಕ್ಕೆ 1,000 ಸಲ ಕೇಳಿಸಿಕೊಂಡರೆ ಮಾತ್ರ ಹಣ ಲೆಕ್ಕಕ್ಕೆ ಬರುತ್ತದೆ. ಈ ಜಾಲತಾಣಗಳು ನಿಮಗೆ ಈಗ ಗುರುತಿನ ಚೀಟಿ ಇದ್ದಂತೆ. ಕರೆಸುವವರು ಹೆಸರು ಹುಡುಕಿದಾಗ ಒಳ್ಳೆಯ ಎರಡು ವಿಡಿಯೊ ಸಿಕ್ಕರೆ ಸಾಕು. ರೀಲ್ಸ್ ಹಾಕುವಾಗ ಹಾಡಿನ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಪರದೆಯ ಮೇಲೆ ಬರೆಯಿರಿ. ನಮ್ಮ ಹಾಸ್ಟೆಲಿನಲ್ಲಿ ಕೇರಳ, ಒಡಿಶಾದ ಗೆಳೆಯರಿದ್ದಾರೆ, ಕನ್ನಡ ಓದಲು ಕಲಿಯುತ್ತಿರುವ ಅವರೂ ಅಂಥ ವಿಡಿಯೊಗಳನ್ನು ನಿಲ್ಲಿಸಿ ನೋಡುತ್ತಾರೆ.

ಸುರಪುರದವನು (ಯಾದಗಿರಿ ಜಿಲ್ಲೆ)

ಎಲ್ಲರೂ ಕರೆಸುವವರ ಬಗ್ಗೆ ಬರೆದಿದ್ದೀರಿ. ಕರೆಯಿಸಿಕೊಳ್ಳದೆ ನಾವೇ ಒಂದು ಸಂಜೆ ಮಾಡಬಾರದೇ? ಕಲಬುರಗಿಯ ಡಾ. ಎಸ್. ಎಂ. ಪಂಡಿತ ರಂಗಮಂದಿರ ಹೊಸ ತಂಡಕ್ಕೆ ದೊಡ್ಡದಾಗುತ್ತದೆ. ಖಾಲಿ ಕುರ್ಚಿಗಳ ಮುಂದೆ ಹಾಡಿದರೆ ಮನಸ್ಸು ಕುಗ್ಗುತ್ತದೆ. ನೂರು ಜನ ಹಿಡಿಸುವ ಶಾಲೆಯ ಸಭಾಂಗಣವನ್ನೋ ಗ್ರಂಥಾಲಯದ ಕೋಣೆಯನ್ನೋ ಕೇಳಿ. ಊರಿನ ಇಬ್ಬರು ಕವಿಗಳು ಓದಲಿ, ನಡುವೆ ನೀವು ಹಾಡಿ. ಕವಿಗಳ ಮನೆಯವರು, ಶಿಷ್ಯರು, ಪತ್ರಿಕೆಯವರು ಬರುತ್ತಾರೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ಸಣ್ಣ ವರದಿ ಮೇಲೆ ಹೇಳಿದ ಸರ್ಕಾರಿ ಅರ್ಜಿಗೂ ಬೇಕಾಗುತ್ತದೆ. ವರದಿಯನ್ನು ನೀವೇ ನೂರೈವತ್ತು ಪದಗಳಲ್ಲಿ ಬರೆದು ಫೋಟೊದೊಂದಿಗೆ ರಾತ್ರಿಯೇ ಕಳುಹಿಸಿ.

ಸೇಡಂ ರಸ್ತೆ (ಕಲಬುರಗಿ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಐದೂ ಜನ ಕುಳಿತು ಈ ಚರ್ಚೆಯನ್ನು ಮೊದಲಿನಿಂದ ಓದಿದೆವು. ಶ್ರಾವಣದಲ್ಲಿ ಜೇವರ್ಗಿ ಅಕ್ಕನವರು ಒಪ್ಪಿದರೆ ಅವರ ಜೊತೆ ಒಂದು ಪುರಾಣಕ್ಕೆ ಹೋಗಿ, ವಾದ್ಯಗಳ ಸದ್ದು ಕಡಿಮೆ ಮಾಡಿಕೊಂಡು ಒಂದು ತತ್ವಪದ ಹಾಡುತ್ತೇವೆ. ಸುರಪುರದವರು ಹೇಳಿದಂತೆ ಕವಿಗಳೊಂದಿಗೆ ಒಂದು ಸಂಜೆಯನ್ನು ಗಣೇಶನ ಹಬ್ಬಕ್ಕೆ ಮುಂಚೆಯೇ ಮಾಡಿ, ಅಲ್ಲಿಯ ಚಿತ್ರೀಕರಣವನ್ನೇ ಒಂದೂವರೆ ನಿಮಿಷಕ್ಕೆ ಇಳಿಸಿ ಮಂಡಳಿಗಳಿಗೆ ತೋರಿಸುತ್ತೇವೆ. ಇಲಾಖೆಯ ಅರ್ಜಿಯನ್ನು ಆ ವರದಿ ಕೈಗೆ ಬಂದ ಮೇಲೆ ಕೊಡುತ್ತೇವೆ. ಸಿನಿಮಾ ಹಾಡಿನ ವಿಷಯದಲ್ಲಿ ನಮ್ಮಲ್ಲಿಯೇ ಒಮ್ಮತ ಬಂದಿಲ್ಲ. ಬೇಸ್ ನುಡಿಸುವವನು ಮದುವೆಗಳು ಬೇಕು ಎನ್ನುತ್ತಾನೆ, ಗಾಯಕಿ ಬೇಡ ಎನ್ನುತ್ತಾಳೆ. ಈ ಒಂದು ಲಗ್ನಸರಾಯಿಗೆ ಮದುವೆಗಳನ್ನು ಒಪ್ಪಿಕೊಂಡು, ಬಂದ ಹಣದಲ್ಲಿ ಎರಡು ಡಿಐ ಬಾಕ್ಸ್ ಮತ್ತು ಒಂದು ರೆಕಾರ್ಡರ್ ಕೊಂಡು, ಆಮೇಲೆ ಮತ್ತೆ ಮಾತನಾಡುವುದೆಂದು ಸದ್ಯಕ್ಕೆ ತೀರ್ಮಾನಿಸಿದ್ದೇವೆ.

ಸೌಂಡ್ ಅಣ್ಣನವರೇ, ಒಂಬತ್ತು ಲೈನಿನ ಹಾಳೆಯನ್ನು ಬರೆದಿದ್ದೇವೆ. ಒಮ್ಮೆ ನೋಡಿ ತಿದ್ದಿಕೊಡುತ್ತೀರಾ?

ಶಾಮಿಯಾನ ಮತ್ತು ಸೌಂಡ್ (ಕಲಬುರಗಿ)

ಖಂಡಿತ ಕೊಡುತ್ತೇನೆ. ಹಾಳೆಯ ಜೊತೆಗೆ ವಾದ್ಯಗಳನ್ನೂ ತೆಗೆದುಕೊಂಡು ಗೋದಾಮಿಗೆ ಬನ್ನಿ. ಆಷಾಢದಲ್ಲಿ ನಮಗೂ ಬಿಡುವಿರುತ್ತದೆ. ಒಂದು ಮಧ್ಯಾಹ್ನ ಪೂರ್ತಿ ಸಿಸ್ಟಂ ಹಚ್ಚಿ, ಮಾನಿಟರ್ ಇಟ್ಟುಕೊಂಡು ಹಾಡುವುದು ಹೇಗೆಂದು ನೋಡೋಣ. ಢೋಲಕ್‌ಗೆ ಎರಡು ಮೈಕ್ ಬೇಕೋ ಒಂದೇ ಸಾಕೋ ಎಂಬುದೂ ಅಲ್ಲಿಯೇ ಗೊತ್ತಾಗುತ್ತದೆ. ಬಾಡಿಗೆ ಬೇಡ, ಬರುವ ಹಿಂದಿನ ದಿನ ಒಂದು ಫೋನ್ ಮಾಡಿ.